ಸಿ.ಡಿ. ಕೊಂಡವನಿಗೆ ಬಿ ಸೈಡ್ ಎಲ್ಲಿಂದ ಬಂತು? ಒಂದು ಹೊಸ ಆಲ್ಬಮ್, ಒಂಬತ್ತು ಕೇಳುಗರ ಪ್ರಕರಣ

ಇದು ನಡೆದದ್ದು ನಾನೇ ಇರುವ ಒಂದು ಗುಂಪಿನಲ್ಲಿ. ಎಲ್ಲರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬ್ಯಾಂಡ್ ಯಾವುದು, ಆಲ್ಬಮ್ ಯಾವುದು ಅಂತಲೂ ಹೇಳುವುದಿಲ್ಲ. ಹೇಳಿದರೆ ಆ ಆಲ್ಬಮ್ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಜಗಳವೇ ದೊಡ್ಡದಾಗುತ್ತದೆ. ನಮ್ಮಲ್ಲೂ ಮೊದಲು ಆಗಿದ್ದು ಅದೇ.

ಗುಂಪು

ನಾವು ಒಂಬತ್ತು ಜನ. ಎಲ್ಲರಿಗೂ ಒಂದೇ ಬ್ಯಾಂಡಿನ ಹುಚ್ಚು. ಆ ಬ್ಯಾಂಡಿನ ಆಲ್ಬಮ್ ಬರದ ವರ್ಷಗಳಲ್ಲಿ ಬೇರೆಯವರದ್ದನ್ನೂ ಕೊಳ್ಳುತ್ತೇವೆ. ಯಾರಾದರೂ ಹೊಸದೊಂದು ಆಲ್ಬಮ್ ಕೊಂಡರೆ ಕೇಳಿದ ರಾತ್ರಿಯೇ ಉಳಿದವರಿಗೆ ನಾಲ್ಕು ಸಾಲು ಬರೆದು ಕಳಿಸುವುದು ರೂಢಿ. ಓದಿದವರು ತಮ್ಮದನ್ನು ಸೇರಿಸುತ್ತಾರೆ. ತಿಂಗಳ ಕೊನೆಗೆ ಯಾರದಾದರೂ ಮನೆಯಲ್ಲಿ ಸೇರಿ, ಮಾತಾಡದೆ ಒಂದು ಆಲ್ಬಮ್ ಪೂರ್ತಿ ಕೇಳಿ, ಆಮೇಲೆ ಬಾಯಿ ಬಿಡುತ್ತೇವೆ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾರು, ಯಾವ ಆಲ್ಬಮ್, ಯಾವ ದಿನ, ಏನಂದರು ಅಂತ ಬರೆದಿಡುತ್ತೇನೆ. ಸುಮ್ನೆ ಶುರು ಮಾಡಿದ ಅಭ್ಯಾಸ. ಈ ಪ್ರಕರಣಕ್ಕೆ ಅದೇ ಸಾಕ್ಷಿಯಾಯಿತು.

ಗುಂಪಿನಲ್ಲಿ ನಾಲ್ವರನ್ನು ಇಲ್ಲಿ ಪರಿಚಯ ಮಾಡಿದರೆ ಸಾಕು. ಒಬ್ಬರು ಹಿರಿಯರು. ಕ್ಯಾಸೆಟ್ ಬರುವ ಮೊದಲೇ ತಟ್ಟೆ ಹಾಕಿ ಕೇಳಿದವರು, ಈಗಲೂ ಎಲ್‌ಪಿ (ಎ ಸೈಡ್, ಬಿ ಸೈಡ್ ಅಂತ ಎರಡೂ ಮುಖದಲ್ಲಿ ಹಾಡಿರುವ ಗ್ರಾಮಫೋನ್ ತಟ್ಟೆ) ಬಿಟ್ಟು ಬೇರೇನೂ ಕೊಳ್ಳುವುದಿಲ್ಲ. ಚೆನ್ನಾಗಿ ಬರೆಯುತ್ತಾರೆ. ಎಷ್ಟು ಚೆನ್ನಾಗಿ ಅಂದರೆ, ಹಾಡು ಮರೆತರೂ ಅದರ ಬಗ್ಗೆ ಅವರು ಬರೆದ ಸಾಲು ನೆನಪಿರುತ್ತದೆ. ಎಲ್ಲರೂ ಅವರನ್ನು ಸರ್ ಅನ್ನುತ್ತೇವೆ. ಇನ್ನೊಬ್ಬ ಎಲ್ಲರಿಗಿಂತ ಚಿಕ್ಕವನು. ಮನೆಯಲ್ಲಿ ಸಿ.ಡಿ., ದಾರಿಯಲ್ಲಿ ಅದನ್ನೇ ಫೋನಿಗೆ ಹಾಕಿಕೊಂಡು ಇಯರ್‌ಬಡ್‌ನಲ್ಲಿ ಕೇಳುತ್ತಾನೆ. ಮೂರನೆಯವರು ಕಾರ್ಯಕ್ರಮಗಳಲ್ಲಿ ಸದ್ದು ಹೊಂದಿಸುವ ಮಿಕ್ಸರ್ ಮುಂದೆ ಕೂರುವವರು. ಅವರು ಎಲ್ಲರಿಗೂ ಅಕ್ಕ, ಇಲ್ಲೂ ಹಾಗೇ ಇರಲಿ. ನಾಲ್ಕನೆಯವನಿಗೆ ಸೋಮವಾರದ ಗೆಳೆಯ ಅಂತ ಹೆಸರಿಡುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಶುಕ್ರವಾರ ರಾತ್ರಿ

ಐದು ವರ್ಷ ಕಾಯಿಸಿ ನಮ್ಮ ಬ್ಯಾಂಡಿನ ಹೊಸ ಆಲ್ಬಮ್ ಒಂದು ಶುಕ್ರವಾರ ಬಂತು. ಮೊದಲೆಲ್ಲ ಒಂದೊಂದು ದೇಶದಲ್ಲಿ ವಾರದ ಒಂದೊಂದು ದಿನ ಬಿಡುಗಡೆ ಇರುತ್ತಿತ್ತು. 2015ರ ಜುಲೈ 10ರಿಂದ ಹೆಚ್ಚಿನ ಕಡೆ ಶುಕ್ರವಾರವೇ ಅಂತಾಯಿತು. ಅಭಿಮಾನಿಗಳ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ. ಎಲ್ಲರ ಕೈಗೂ ಒಂದೇ ಹೊತ್ತಿಗೆ ಬರುವುದರಿಂದ ಮೊದಲು ಮಾತಾಡುವುದು ಒಂದು ಓಟದ ಪಂದ್ಯದ ಹಾಗಾಗಿಬಿಟ್ಟಿದೆ.

ಅವತ್ತು ಗೆದ್ದವರು ಹಿರಿಯರು. ರಾತ್ರಿ ಹತ್ತೂವರೆಗೆ ಬರೆದರು: "ಐದು ವರ್ಷ ಕಾದಿದ್ದು ಇದಕ್ಕಾ? ಎರಡು ಸೈಡ್‌ನಲ್ಲೂ ಶುರು ಪರವಾಗಿಲ್ಲ. ಕೊನೆಗೆ ಬರೋ ಹೊತ್ತಿಗೆ ಉಸಿರೇ ಇಲ್ಲ. ಹಾಡುಗಾರನಿಗೆ ಹಲ್ಲಿನ ಸಂದಿಯಲ್ಲಿ ಗಾಳಿ ಹೋಗುತ್ತಿದೆ."

ಎಲ್ಲರೂ ನಕ್ಕೆವು. 'ಹಲ್ಲಿನ ಗಾಳಿ' ಅವತ್ತಿಗೇ ನಮ್ಮ ಗುಂಪಿನ ಗಾದೆಯಾಯಿತು. ಭಾನುವಾರ ರಾತ್ರಿಯ ಹೊತ್ತಿಗೆ ಏಳು ಜನರ ಅಭಿಪ್ರಾಯ ಬಂದಿತ್ತು. ಏಳೂ ಒಂದೇ ರಾಗ. ಇಬ್ಬರು ಮಾತ್ರ ಏನೂ ಬರೆದಿರಲಿಲ್ಲ.

ತಿಂಗಳ ಕೊನೆಯಲ್ಲಿ ಇದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಲು ಕೂತೆ. ಅಲ್ಲಿ ಎರಡು ವಿಷಯ ಕಣ್ಣಿಗೆ ಬಿತ್ತು.

ಒಂದು: ನಾಲ್ಕನೆಯ ಗೆಳೆಯ ಶನಿವಾರ ಬೆಳಗ್ಗೆ "ನನಗೂ ಹಾಗೇ ಅನಿಸಿತು, ಉಸಿರಿಲ್ಲ" ಅಂತ ಬರೆದಿದ್ದ. ಅವನೇ ಸೋಮವಾರ ಮಧ್ಯಾಹ್ನ ಒಂದು ಫೋಟೋ ಕಳಿಸಿದ್ದ. ಬಿಚ್ಚದ ಪಾರ್ಸೆಲ್. ಕೆಳಗೆ "ಕೊನೆಗೂ ಬಂತು!" ಅಂತ ಸಂಭ್ರಮ. ಆಲ್ಬಮ್ ಕೈಗೆ ಬರುವ ಎರಡು ದಿನ ಮೊದಲೇ ಅವನಿಗೆ ಅದು ಹಿಡಿಸಿರಲಿಲ್ಲ.

ಎರಡನೆಯದನ್ನು ಬರೆಯಲು ನನಗೆ ಮುಜುಗರ. ನನ್ನ ಸಾಲು ಹೀಗಿತ್ತು: "ಸರ್ ಹೇಳಿದ್ದು ಸರಿ. ಬಿ ಸೈಡ್ ತೀರಾ ಸಪ್ಪೆ." ನಾನು ಕೊಂಡದ್ದು ಸಿ.ಡಿ. ಅದರಲ್ಲಿ ಹಾಡಿರುವುದು ಒಂದೇ ಮುಖದಲ್ಲಿ, ಅದಕ್ಕೆ ಬಿ ಸೈಡ್ ಎಲ್ಲಿಂದ ಬಂತು? ನಾನು ಸುಳ್ಳು ಹೇಳಿರಲಿಲ್ಲ, ಆಲ್ಬಮ್ ಪೂರ್ತಿ ಕೇಳಿಯೇ ಬರೆದಿದ್ದೆ. ಆದರೆ ನನ್ನ ಕಿವಿಗೆ ಬಿದ್ದದ್ದಕ್ಕೆ ಅವರ ಮಾತನ್ನೇ ತೊಡಿಸಿದ್ದೆ. ಎಷ್ಟರ ಮಟ್ಟಿಗೆ ಅಂದರೆ ನನ್ನ ಕೈಯಲ್ಲಿದ್ದ ವಸ್ತು ಯಾವುದು ಅನ್ನುವುದೂ ಮರೆತಿತ್ತು.

ಸುಮ್ಮನಿದ್ದ ಇಬ್ಬರಲ್ಲಿ ಒಬ್ಬ ನಮ್ಮ ಚಿಕ್ಕವನು. ಫೋನ್ ಮಾಡಿ ಕೇಳಿದೆ.

"ನಿಂಗೆ ಹೇಗನ್ನಿಸ್ತೋ ಅದು?"

"ಬಿಡಿ ಅಣ್ಣ, ಈಗೇನು."

"ಸುಮ್ನೆ ಹೇಳೋ."

"ತುಂಬಾ ಇಷ್ಟ ಆಯ್ತು. ಕೊನೇ ಹಾಡು ಕೇಳಿ ಕಣ್ಣಲ್ಲಿ ನೀರು ಬಂತು. ಬರೀತಾ ಇದ್ದೆ. ಅಷ್ಟರಲ್ಲಿ ಎಲ್ಲರೂ ಹಲ್ಲಿನ ಗಾಳಿ ಅಂತ ನಗ್ತಾ ಇದ್ರು. ಅಳಿಸಿದೆ."

ಯಾರೂ ಅವನ ಬಾಯಿ ಮುಚ್ಚಿಸಿರಲಿಲ್ಲ. ಹಿರಿಯರು ಯಾವತ್ತೂ ಯಾರನ್ನೂ ಗದರಿದವರಲ್ಲ. ಹಾಗಾಗಿಯೇ ಇದು ಕಷ್ಟದ ಪ್ರಕರಣ. ದಬ್ಬಾಳಿಕೆ ಇದ್ದಿದ್ದರೆ ಅದನ್ನು ತಡೆದರೆ ಮುಗಿಯುತ್ತಿತ್ತು.

ಸುಮ್ಮನಿದ್ದ ಇನ್ನೊಬ್ಬರು ಅದೇ ತಿಂಗಳು ಗುಂಪು ಬಿಟ್ಟರು. ಸಮಯ ಸಿಗುತ್ತಿಲ್ಲ ಅಂದರು. ನಾವು ನಂಬಿದೆವು.

ಹೊರಗಿನ ಒಂದು ಪ್ರಯೋಗ

ಆ ದಿನಗಳಲ್ಲಿ ನನಗೆ ನೆನಪಾದದ್ದು ಸಂಶೋಧಕರಾದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ. 14 ಸಾವಿರಕ್ಕೂ ಜಾಸ್ತಿ ಜನರಿಗೆ ಅವರು ಅಷ್ಟೇನೂ ಹೆಸರು ಮಾಡದ ಬ್ಯಾಂಡ್‌ಗಳ 48 ಹಾಡು ಕೊಟ್ಟರು. ಕೆಲವರಿಗೆ ಬರೀ ಹಾಡಿನ ಪಟ್ಟಿ ಸಿಕ್ಕಿತು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅನ್ನುವುದನ್ನೂ ತೋರಿಸಿದರು. ಬೇರೆಯವರ ಆಯ್ಕೆ ಕಂಡಲ್ಲೆಲ್ಲ ಗೆದ್ದ ಹಾಡು ಇನ್ನೂ ದೊಡ್ಡದಾಗಿ ಗೆದ್ದಿತು. ಆದರೆ ಒಂದು ಗುಂಪಿನಲ್ಲಿ ಮೇಲೆ ಬಂದದ್ದು ಇನ್ನೊಂದರಲ್ಲಿ ಕೆಳಗಿತ್ತು. ತುಂಬಾ ಒಳ್ಳೆಯವು ಪೂರ್ತಿ ಸೋಲುವುದು ಅಪರೂಪ, ತುಂಬಾ ಕೆಟ್ಟವು ಗೆಲ್ಲುವುದೂ ಅಪರೂಪ. ನಡುವಿನವುಗಳ ಗತಿ ಮಾತ್ರ ಹೀಗೇ ಅಂತ ಹೇಳಲಾಗದು.

ನಡುವಿನವು ಅನ್ನುವ ಮಾತು ನನಗೆ ತಟ್ಟಿತು. ನಾವು ಕೊಳ್ಳುವ ಆಲ್ಬಮ್‌ಗಳಲ್ಲಿ ಮುಕ್ಕಾಲು ಪಾಲು ನಡುವಿನವೇ ಅಲ್ವಾ? ಎರಡು ಹಾಡು ಮೇಲೆ, ಎರಡು ಕೆಳಗೆ, ಉಳಿದವು ಮನಸ್ಸು ಇದ್ದ ಹಾಗೆ. ಅಂಥ ಕಡೆ ಮೊದಲ ಮಾತಿಗೆ ಬಲ ಜಾಸ್ತಿ.

ಮಾಡಿ ನೋಡಿದ್ದು

ಮುಂದಿನ ಸಲ ಸೇರಿದಾಗ ನೋಟ್‌ಬುಕ್ ಓದಿ ಹೇಳಿದೆ. ಮೊದಲು ನನ್ನ ಬಿ ಸೈಡ್ ಕಥೆ ಹೇಳಿದ್ದರಿಂದ ಸೋಮವಾರದ ಗೆಳೆಯ ತನ್ನದನ್ನು ನಗುತ್ತಲೇ ಒಪ್ಪಿಕೊಂಡ. ಚಿಕ್ಕವನ ವಿಷಯ ಹೇಳಲಿಲ್ಲ. ಅದು ಅವನು ಹೇಳಬೇಕಾದ ಮಾತು.

ಮೊದಲ ಉಪಾಯ, ಎಲ್ಲರೂ ಮನಸ್ಸು ಬಿಚ್ಚಿ ಹೇಳೋಣ ಅನ್ನುವ ಪ್ರತಿಜ್ಞೆ. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಏನೂ ಬದಲಾಗಲಿಲ್ಲ. ನಾನು ಬಿ ಸೈಡ್ ಅಂತ ಬರೆದಾಗಲೂ ಮನಸ್ಸು ಬಿಚ್ಚಿಯೇ ಬರೆದಿದ್ದೆ.

ಎರಡನೆಯದು, 10ಕ್ಕೆ ಇಷ್ಟು ಅಂತ ಅಂಕ. ಮಾತಿನ ಮೋಡಿ ಇರುವುದಿಲ್ಲ, ಅಂಕ ಅಂಕವೇ ಅಂದುಕೊಂಡೆವು. ನಂತರ ಕೊಂಡ ಒಂದು ಆಲ್ಬಮ್‌ಗೆ ಹಿರಿಯರು 6 ಕೊಟ್ಟರು. ಆಮೇಲೆ ಬಂದವು 6, 6, 5, 7, 6. ವಾಕ್ಯ ಬರೆಯುವಾಗ ಕೊನೇಪಕ್ಷ 'ಆದರೆ' ಅಂತ ಒಂದು ಪದ ಸೇರಿಸಿ ಜಾರಿಕೊಳ್ಳಲು ದಾರಿ ಇರುತ್ತದೆ. ಅಂಕದಲ್ಲಿ ಅದೂ ಇಲ್ಲ.

ಮೂರನೆಯದು ಹಿರಿಯರೇ ಕೊಟ್ಟ ಸಲಹೆ. "ಇನ್ಮೇಲೆ ನಾನು ಎಲ್ಲರಾದ ಮೇಲೆ ಬರೀತೀನಿ." ದೊಡ್ಡ ಮನಸ್ಸು ಅಂತ ಖುಷಿಪಟ್ಟೆವು. ಎರಡು ತಿಂಗಳು ಹಾಗೇ ನಡೆಸಿದೆವು. ಆಗಿದ್ದೇನು ಗೊತ್ತಾ? ಯಾರೂ ಮೊದಲು ಬರೆಯಲಿಲ್ಲ. ಬರೆದವರೂ "ಸರ್‌ಗೆ ಇದು ಹಿಡಿಸಲ್ಲ ಅನ್ಸುತ್ತೆ" ಅಂತ ಶುರು ಮಾಡಿದರು. ಅವರು ಮಾತಾಡಿದಾಗ ಅವರ ಅಭಿಪ್ರಾಯದ ಹಿಂದೆ ಹೋಗುತ್ತಿದ್ದೆವು. ಸುಮ್ಮನಾದಾಗ ಅವರ ಅಭಿಪ್ರಾಯ ಏನಿರಬಹುದು ಅನ್ನುವುದರ ಹಿಂದೆ ಹೋದೆವು. ಎರಡನೆಯದು ಇನ್ನೂ ಕೆಟ್ಟದ್ದು. ಅವರಿಗೆ ಹಿಡಿಸಿದ್ದ ಆಲ್ಬಮ್ ಒಂದನ್ನು ಅವರ ಹೆಸರಿನಲ್ಲೇ ನಾವೆಲ್ಲ ತೆಗಳಿ ಮುಗಿಸಿದ್ದೆವು.

ನಾಲ್ಕನೆಯದು, ಒಂದು ವಾರ ಎಲ್ಲರೂ ಮೌನ. ಇದು ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಹೊಸ ಆಲ್ಬಮ್ ಕೊಂಡ ರಾತ್ರಿ ಯಾರಿಗಾದರೂ ಹೇಳಲೇಬೇಕು ಅನ್ನುವ ತುಡಿತ ಇರುತ್ತದಲ್ಲ, ಅದನ್ನು ಒಂದು ವಾರ ಕಟ್ಟಿಹಾಕಿದರೆ ಆರಿಹೋಗುತ್ತದೆ. ವಾರದ ಕೊನೆಗೆ ಬರೆದವರು ಮೂರೇ ಜನ. ಅದರಲ್ಲೂ ಇಬ್ಬರು ಒಳಗೊಳಗೇ ಫೋನಿನಲ್ಲಿ ಮಾತಾಡಿಕೊಂಡಿದ್ದರು. ಸಿಟ್ಟು ಬರಲಿಲ್ಲ. ಆ ತುಡಿತಕ್ಕೇ ಅಲ್ವಾ ನಾವೆಲ್ಲ ಗುಂಪಿನಲ್ಲಿರುವುದು?

ಇಲ್ಲಿ ಅಕ್ಕ ಒಂದು ಮಾತು ಹೇಳಿದರು. ಪ್ರಕರಣ ತಿರುಗಿದ್ದು ಅಲ್ಲಿಂದಲೇ. "ಮೊದಲ ರಾತ್ರಿ ಹೇಳ್ಬೇಕು ಅನ್ಸೋದು ಬೇರೆ. ತೀರ್ಪು ಬೇರೆ. ಎರಡನ್ನೂ ಒಂದೇ ಸಾಲಲ್ಲಿ ತುರುಕ್ತಾ ಇದೀವಿ. ಬಿಡಿಸಿ ನೋಡೋಣ."

ಹೀಗೆ ಮಾಡಿದೆವು. ಮೊದಲ ರಾತ್ರಿ ಯಾರು ಬೇಕಾದರೂ ಬರೆಯಬಹುದು. ಆದರೆ ಬರೆಯುವುದು ಜಾಗ ಮಾತ್ರ: ಎಷ್ಟನೇ ಹಾಡು, ಎಷ್ಟು ನಿಮಿಷ, ಎಷ್ಟು ಸೆಕೆಂಡ್. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವಂತಿಲ್ಲ. "ಮೂರನೇ ಹಾಡು, 2:14" ಅಂದರೆ ಅಷ್ಟೇ. ಅಲ್ಲಿ ಏನೋ ಇದೆ, ಹೋಗಿ ಕೇಳಿ ಅಂತ ಅರ್ಥ. ತೀರ್ಪನ್ನು ಚೀಟಿಯಲ್ಲಿ ಬರೆದು ಮುಚ್ಚಿ ನನಗೆ ಕೊಡಬೇಕು. ಸೇರಿದ ದಿನ ಎಲ್ಲರ ಮುಂದೆ ತೆರೆಯುವುದು. ಚೀಟಿಯ ತಲೆಯಲ್ಲಿ ಮೂರು ವಿಷಯ ಇರಲೇಬೇಕು: ಆಲ್ಬಮ್ ಕೈಗೆ ಬಂದ ದಿನ, ಯಾವುದರಲ್ಲಿ ಕೇಳಿದ್ದು, ಎಷ್ಟು ಸಲ ಕೇಳಿದ್ದು. ಮೊದಲನೆಯದು ಯಾರಿಗಾಗಿ ಅಂತ ಹೇಳಬೇಕಾಗಿಲ್ಲ.

ಯಾವ ಆಲ್ಬಮ್‌ನಿಂದ ಶುರು ಮಾಡುವುದು ಅನ್ನುವುದರಲ್ಲಿ ನನಗೂ ಅಕ್ಕನಿಗೂ ಒಪ್ಪಿಗೆಯಾಗಲಿಲ್ಲ. ಹಲ್ಲಿನ ಗಾಳಿಯ ಆಲ್ಬಮ್‌ನಿಂದಲೇ ಆಗಲಿ ಅಂತ ಅವರು. ಎಲ್ಲರ ತಲೆಯಲ್ಲೂ ಹಳೆಯ ತೀರ್ಪು ಕೂತಿದೆ, ಬೇಡ ಅಂತ ನಾನು. ಅವರು ಗೆದ್ದರು. ಈಗಲೂ ನನಗೆ ಆ ಸಂಶಯ ಪೂರ್ತಿ ಹೋಗಿಲ್ಲ. ಆದರೆ ಬೇರೆ ಆಲ್ಬಮ್ ಆಗಿದ್ದರೆ ಮುಂದೆ ಸಿಕ್ಕಿದ್ದು ಸಿಗುತ್ತಿರಲಿಲ್ಲ.

ಚೀಟಿ ತೆರೆದ ದಿನ

ಎಂಟು ಚೀಟಿ. ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಓದಿದೆ.

ಹಿರಿಯರದ್ದು: ಎಲ್‌ಪಿ, ಮನೆಯ ಹಳೆ ಟರ್ನ್‌ಟೇಬಲ್, ಎರಡು ಸಲ. ಬೇಸರ ತಂದದ್ದು ನಾಲ್ಕು, ಐದು, ಒಂಬತ್ತು, ಹತ್ತನೇ ಹಾಡು. ಚಿಕ್ಕವನದ್ದು: ಸಿ.ಡಿ. ಮತ್ತು ಇಯರ್‌ಬಡ್, "ಲೆಕ್ಕ ಇಟ್ಟಿಲ್ಲ, 20 ದಾಟಿರುತ್ತೆ". ಬಲು ಇಷ್ಟವಾದದ್ದು ಹತ್ತನೇ ಹಾಡು. ಅವನು ಇದನ್ನು ಎಲ್ಲರೆದುರು ಹೇಳಿದ್ದು ಅದೇ ಮೊದಲು. ಬಾಯಲ್ಲಿ ಹೇಳಲಿಲ್ಲ, ಚೀಟಿ ಹೇಳಿತು. ಇನ್ನೊಬ್ಬರು ಸ್ಪಾಟಿಫೈನಲ್ಲಿ ಕೇಳಿದವರು: "ಹಳೆ ಆಲ್ಬಮ್‌ಗಳ ನಡುವೆ ಇದನ್ನು ಹಾಕಿದರೆ ಇದೊಂದೇ ಚಪ್ಪಟೆ."

ಎಲ್ಲವನ್ನೂ ಓದಿ ಮುಗಿಸಿದೆ. ಅಕ್ಕ ಹಿರಿಯರ ಚೀಟಿಯನ್ನೇ ನೋಡುತ್ತಿದ್ದರು. ಆಲ್ಬಮ್ ಕವರ್ ತಿರುಗಿಸಿ ಹಾಡುಗಳ ಪಟ್ಟಿಯ ಮೇಲೆ ಬೆರಳಿಟ್ಟರು. ಹತ್ತು ಹಾಡು, ಸೈಡ್‌ಗೆ ಐದು. "ಸರ್, ನಿಮಗೆ ಹಿಡಿಸದೆ ಇರೋ ನಾಲ್ಕೂ ಹಾಡು ತಟ್ಟೆಯ ಒಳಗಡೆ ಇರೋವು. ಎ ಸೈಡ್‌ನ ಕೊನೇ ಎರಡು, ಬಿ ಸೈಡ್‌ನ ಕೊನೇ ಎರಡು."

ಎಲ್‌ಪಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. 12 ಇಂಚಿನ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡ್. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಆದರೆ ತಿರುಗುವ ವೇಗ ಒಂದೇ. ಹಾಗಾಗಿ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಒಂದು ಸೆಕೆಂಡಿಗೆ ಹತ್ತಿರಹತ್ತಿರ 50 ಸೆಂ.ಮೀ. ಗೀರು ಹಾದುಹೋಗುತ್ತದೆ. ಕೊನೆಯ ಹಾಡು ಮುಗಿಯುವ ಕಡೆ ಅದು 21 ಸೆಂ.ಮೀ. ಆಸುಪಾಸು. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೊರೆದಿರುತ್ತಾರೆ. ಮೊದಲು ಪೆಟ್ಟು ತಿನ್ನುವುದು ಮೇಲಿನ ಸ್ಥಾಯಿಯ ಸದ್ದು. ತಾಳದ ಮಿಂಚು ಮಸುಕಾಗುತ್ತದೆ. 'ಸ', 'ಶ' ಬಂದಲ್ಲೆಲ್ಲ ಸರ್ರ್ ಅಂತ ಹರಿದ ಹಾಗೆ ಕೇಳುತ್ತದೆ.

ಹಲ್ಲಿನ ಸಂದಿಯ ಗಾಳಿ!

ಇದರ ಜೊತೆಗೆ ಇನ್ನೆರಡು ಕಾರಣ ಸೇರಿದ್ದವು. ಸೈಡ್‌ಗೆ 20-22 ನಿಮಿಷ ಇದ್ದರೆ ಕೊರೆಯುವವರಿಗೆ ಆರಾಮ. ಈ ಆಲ್ಬಮ್ 52 ನಿಮಿಷ, ಒಂದೇ ತಟ್ಟೆ. ಸೈಡ್‌ಗೆ 26 ನಿಮಿಷ. ಅಷ್ಟು ಹಿಡಿಸಲು ಗೀರುಗಳನ್ನು ಒತ್ತೊತ್ತಾಗಿ, ಸದ್ದು ತಗ್ಗಿಸಿ ಕೊರೆಯಬೇಕು, ಕೊನೆಯ ಹಾಡು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಇನ್ನೊಂದನ್ನು ಅಕ್ಕ ಮೆಲ್ಲಗೆ ಕೇಳಿದರು. "ಸೂಜಿ ಬದಲಿಸಿ ಎಷ್ಟು ದಿನ ಆಯ್ತು ಸರ್?"

ಹಿರಿಯರು ಸೀಲಿಂಗ್ ನೋಡಿದರು. ಉತ್ತರ ಬರಲಿಲ್ಲ.

ಮುಂದಿನ ವಾರ ಅದೇ ತಟ್ಟೆಯನ್ನು ಅಕ್ಕನ ಟರ್ನ್‌ಟೇಬಲ್ ಮೇಲೆ ಹಾಕಿದೆವು. ಹೊಸ ಸೂಜಿ, ಕೋನವೆಲ್ಲ ಸರಿಯಾಗಿ ಹೊಂದಿಸಿದ್ದು. ಹತ್ತನೇ ಹಾಡಿನ 'ಸ'ಕಾರ ಮುಕ್ಕಾಲು ಪಾಲು ತಿಳಿಯಾಯಿತು. ಪೂರ್ತಿ ಅಲ್ಲ. ಆಮೇಲೆ ಸಿ.ಡಿ.ಯಲ್ಲಿ ಅದೇ ಹಾಡು. ಹಿರಿಯರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ನಾವೆಲ್ಲ ಅವರ ಮುಖ ನೋಡುತ್ತಾ ಕೂತಿದ್ದೆವು. (ನೋಡಿ, ಅಲ್ಲೂ ಅದೇ ಚಾಳಿ.)

"ಹಾಡುಗಾರನ ಹಲ್ಲು ನೆಟ್ಟಗಿದೆ," ಅಂದರು. "ತಪ್ಪು ನನ್ನ ಸೂಜೀದು. ಆದರೆ ಹಾಡು ಈಗಲೂ ಎರಡು ನಿಮಿಷ ಉದ್ದ ಆಯ್ತು ಅನ್ಸುತ್ತೆ."

ನನಗೆ ಅವರು ತುಂಬಾ ಹಿಡಿಸಿದ್ದು ಅವತ್ತು. ಮನಸ್ಸು ಬದಲಿಸಿ ಕತೆ ಚೆಂದ ಮಾಡಬಹುದಿತ್ತು. ಮಾಡಲಿಲ್ಲ. ದೂರಿನಲ್ಲಿ ಯಂತ್ರದ ಪಾಲು ಎಷ್ಟು, ತಮ್ಮ ರುಚಿಯ ಪಾಲು ಎಷ್ಟು ಅಂತ ಬೇರೆ ಮಾಡಿಟ್ಟರು.

ಅವರು ಇನ್ನೊಂದು ಪ್ರಶ್ನೆಯನ್ನೂ ಹಾಕಿದರು. ಅದು ನ್ಯಾಯವಾದ ಪ್ರಶ್ನೆ. "ನನ್ನ ಕಿವಿ ಪರೀಕ್ಷೆ ಆಯ್ತು. ಇವನದ್ದೂ ಆಗಲಿ. ಸಿ.ಡಿ. ಜೋರಾಗಿದೆ ಅಂತಲೇ ಇವನಿಗೆ ಇಷ್ಟ ಆಗಿರಬಾರದಾ?"

ಒಂದೇ ಸದ್ದನ್ನು ಸ್ವಲ್ಪ ಜೋರು ಮಾಡಿ ಕೇಳಿಸಿದರೆ ಕಿವಿ ಅದನ್ನು ಜೋರು ಅನ್ನುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. ಆಲ್ಬಮ್ ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಮೆಲ್ಲನೆಯ ಸದ್ದನ್ನು ಎತ್ತಿ, ಜೋರಿನದ್ದನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ಮೇಲಕ್ಕೆ ತಳ್ಳುವ ಪೈಪೋಟಿ 1990ರ ದಶಕದಿಂದ ಜೋರಾಯಿತು. 2008ರಲ್ಲಿ ಮೆಟಾಲಿಕಾ ಬ್ಯಾಂಡಿನ 'ಡೆತ್ ಮ್ಯಾಗ್ನೆಟಿಕ್' ಆಲ್ಬಮ್ ಬಂದಾಗ ಅಭಿಮಾನಿಗಳೇ ತಿರುಗಿಬಿದ್ದರು. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಆಟದಲ್ಲಿ ಅಷ್ಟು ಅದುಮದೆ ಬಂದಿದ್ದವು. ಆಟದ ಹಾಡು ಸಿ.ಡಿ.ಗಿಂತ ಚೆನ್ನಾಗಿದೆ ಅಂತ ಅವರು ಪಕ್ಕಪಕ್ಕ ಇಟ್ಟು ತೋರಿಸಿದರು.

ನಮ್ಮ ಸಿ.ಡಿ.ಯೂ ಆ ಜಾತಿಯದ್ದೇ. ಸ್ಪಾಟಿಫೈನಲ್ಲಿ ಕೇಳಿದವರ ಚೀಟಿಗೂ ಅದರಿಂದಲೇ ಅರ್ಥ ಸಿಕ್ಕಿತು. ಅಲ್ಲಿ ಸಾಮಾನ್ಯವಾಗಿ ಹಾಡುಗಳನ್ನೆಲ್ಲ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ) ಅನ್ನುವ ಮಟ್ಟಕ್ಕೆ ತಂದು ಕೇಳಿಸುತ್ತಾರೆ. ಅದುಮಿ ಜೋರು ಮಾಡಿದ ಆಲ್ಬಮ್ ಅಲ್ಲಿಗೆ ಹೋದರೆ ಜೋರು ಕಳೆದುಕೊಳ್ಳುತ್ತದೆ, ಅದುಮಿದ್ದು ಮಾತ್ರ ಉಳಿಯುತ್ತದೆ. ಚಪ್ಪಟೆ ಅನ್ನುವುದು ಅದಕ್ಕೆ ಸರಿಯಾದ ಪದವೇ.

ಅಕ್ಕ ಎಲ್‌ಪಿಯ ಮೂರು ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಸಿ.ಡಿ.ಯ ಅದೇ ಮೂರು ಹಾಡಿನ ಜೊತೆ ಮೀಟರ್ ನೋಡಿ ಮಟ್ಟ ಸರಿಮಾಡಿದರು. ಯಾವುದು ಯಾವುದು ಅಂತ ಹೇಳದೆ ಚಿಕ್ಕವನಿಗೆ ಕೇಳಿಸಿದರು. ಮೊದಲ ಹಾಡಿಗೆ ಅವನು ಆರಿಸಿದ್ದು ಎಲ್‌ಪಿಯನ್ನು. ಗೊತ್ತಾದಾಗ ಅವನ ಮುಖ ನೋಡಬೇಕಿತ್ತು. ಆರನೆಯದಕ್ಕೆ ಎರಡೂ ಒಂದೇ ಅಂದ. ಹತ್ತನೆಯದಕ್ಕೆ ಸಿ.ಡಿ. "ಯಾವುದರಲ್ಲಿ ಆದ್ರೂ ಇದು ಇಷ್ಟಾನೇ," ಅಂದ. ಹಿರಿಯರು ತಲೆಯಾಡಿಸಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಸೋಮವಾರದ ಗೆಳೆಯನ ಚೀಟಿಯಲ್ಲಿ ಕೈಗೆ ಬಂದ ದಿನ "ಸೋಮವಾರ, ಮಧ್ಯಾಹ್ನ 1:20" ಅಂತ ನಿಮಿಷದ ಸಮೇತ ಇತ್ತು. ಕೆಳಗೆ: "ನನಗೆ ಚೆನ್ನಾಗೇ ಇದೆ ಅನಿಸಿತು. ಯಾಕೆ ಬೈದೆನೋ ಗೊತ್ತಿಲ್ಲ."

ಈಗ ಹೇಗೆ ನೋಡುತ್ತೇನೆ

ಹಿರಿಯರು ತಪ್ಪು ಮಾಡಿದರು, ಚೀಟಿ ಅದನ್ನು ಹಿಡಿಯಿತು ಅಂತ ಇದನ್ನು ಓದಿಕೊಂಡರೆ ನನಗೆ ಬೇಸರವಾಗುತ್ತದೆ. ಅವರ ಕಿವಿ ಸರಿಯಾಗಿಯೇ ಇತ್ತು. ಸೈಡ್‌ನ ಕೊನೆಯಲ್ಲಿ ಏನೋ ಕೆಟ್ಟಿದೆ ಅಂತ ಮೊದಲ ರಾತ್ರಿಯೇ ಕರಾರುವಾಕ್ಕಾಗಿ ಹಿಡಿದಿದ್ದರು. ಕೆಟ್ಟದ್ದು ಎಲ್ಲಿ ಅನ್ನುವುದು ಗೊತ್ತಿರಲಿಲ್ಲ, ಅಷ್ಟೇ. ಎಡವಿದ್ದು ನಾವು. ಎಲ್‌ಪಿಯಲ್ಲಿ ಮಾತ್ರ ಕೇಳುವ ದೋಷವನ್ನು ಸಿ.ಡಿ. ಕೊಂಡವರೂ ಕೇಳಿದೆವು. ಆಲ್ಬಮ್ ಇನ್ನೂ ಕೈಗೆ ಬರದವನೂ ಕೇಳಿದ! ಮೊದಲ ರಾತ್ರಿಯೇ ಒಬ್ಬನಾದರೂ "ನನ್ನದರಲ್ಲಿ ಗಾಳಿ ಇಲ್ವಲ್ಲ ಸರ್" ಅಂದಿದ್ದರೆ ಅಂದೇ ಸೂಜಿಯ ಮಾತು ಬರುತ್ತಿತ್ತು. ಬೇರೆ ಬೇರೆ ಅಭಿಪ್ರಾಯ ಇದ್ದರೆ ಸೊಗಸು ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಅದು ಸೊಗಸಿಗಿಂತ ಉಪಯೋಗದ ವಿಷಯವಾಗಿತ್ತು.

ಎಷ್ಟು ಸಲ ಕೇಳಿದ್ದು ಅನ್ನುವ ಸಾಲಿನ ಬಗ್ಗೆ ನಮಗೆ ಈಗಲೂ ಜಗಳ ಇದೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಕಂಡರೆ, ಕೇಳಿದರೆ ಅದರ ಮೇಲೆ ಒಲವು ಬೆಳೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯಂಟ್ಸ್ (Zajonc) 1968ರಲ್ಲೇ ತೋರಿಸಿದ್ದಾರೆ. ಹಾಗಿದ್ದರೆ 20 ಸಲ ಕೇಳಿದವನ ಮೆಚ್ಚುಗೆಗೆ ಬೆಲೆ ಎಷ್ಟು? ಎರಡೇ ಸಲ ಕೇಳಿದವರ ಬೇಸರಕ್ಕೆ ಎಷ್ಟು? ನನಗೆ ತೋಚುವುದು ಇಷ್ಟು: ಸಂಖ್ಯೆ ಬರೆದಿದ್ದರೆ ಓದುವವರು ತೂಗಿಕೊಳ್ಳುತ್ತಾರೆ. ಬರೆಯದಿದ್ದರೆ ಎಲ್ಲ ಅಭಿಪ್ರಾಯಗಳೂ ಒಂದೇ ತೂಕದವು ಅನ್ನುವ ಹಾಗೆ ಕಾಣುತ್ತದೆ. ಅಕ್ಕ ಇದಕ್ಕೂ ಪೂರ್ತಿ ಒಪ್ಪುವುದಿಲ್ಲ. ಮೊದಲ ಸಲ ಕೇಳಿದಾಗ ಆಗುವ ಬೆರಗು ಇಪ್ಪತ್ತನೆಯ ಸಲಕ್ಕೆ ಇರುವುದಿಲ್ಲ, ಅದನ್ನೂ ಬರೆದಿಡಬೇಕು ಅಂತ ಅವರ ವಾದ.

ಚೀಟಿಗೆ ನಾವು ಬೆಲೆಯನ್ನೂ ತೆತ್ತಿದ್ದೇವೆ. ಇಬ್ಬರು ಇದನ್ನು ಆಫೀಸಿನ ಫಾರ್ಮ್ ಅಂತ ಕರೆಯುತ್ತಾರೆ, ಹೆಚ್ಚಿನ ತಿಂಗಳು ಖಾಲಿ ಚೀಟಿ ಕೊಡುತ್ತಾರೆ. ಹಿರಿಯರ ಮೊದಲ ರಾತ್ರಿಯ ಬರಹಗಳು ನಿಂತುಹೋದವು. ನಾನು ಅವನ್ನು ಕಾಯುತ್ತಿದ್ದೆ, ಈಗಲೂ ಅವುಗಳ ನೆನಪಾಗುತ್ತದೆ. ಕೊಳ್ಳಲೋ ಬೇಡವೋ ಅಂತ ಕೇಳುವವರಿಗೂ ಈ ದಾರಿ ಆಗಿಬರುವುದಿಲ್ಲ. ಅವರಿಗೆ ಅವತ್ತೇ ಉತ್ತರ ಬೇಕು. ಅಂಥವರಿಗೆ ನಾನು ಈಗ ಅಭಿಪ್ರಾಯದ ಜೊತೆ ಚೀಟಿಯ ತಲೆಯ ಮೂರು ಸಾಲು ಸೇರಿಸಿ ಕಳಿಸುತ್ತೇನೆ.

ಗುಂಪು ಬಿಟ್ಟವರಿಗೆ ಈ ಬರಹದ ಮೊದಲ ಕರಡು ಕಳಿಸಿದ್ದೆ. ಬರೆಯಿರಿ, ಅಭ್ಯಂತರವಿಲ್ಲ ಅಂದರು. ವಾಪಸ್ ಬರುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ಶುಕ್ರವಾರ ಇನ್ನೊಂದು ಆಲ್ಬಮ್ ಬಂತು. ರಾತ್ರಿ ಹತ್ತೂವರೆಗೆ ಹಿರಿಯರಿಂದ ಒಂದು ಸಾಲು: "ಆರನೇ ಹಾಡು, 3:41."

ಸ್ವಲ್ಪ ಹೊತ್ತಿನ ನಂತರ ಚಿಕ್ಕವನು: "ಸರ್, ಬೇಸ್ ಇದ್ದಕ್ಕಿದ್ದ ಹಾಗೆ ನಿಂತುಹೋಗೋ ಜಾಗಾನಾ?"

"ಚೀಟೀಲಿ ಬರಿ."

ಆಮೇಲೆ ಸೋಮವಾರದ ಗೆಳೆಯ: "ನನ್ನದು ಇನ್ನೂ ಬಂದಿಲ್ಲ."